ಗುಟ್ಟಿನ ಇಡುಗಂಟು

ಸಾಲವಾಗಿ ಕೊಟ್ಟ ಹಣ ಬೇರೆ, ಇಟ್ಟುಕೊಂಡಿರಿ ಎಂದು ಕೊಟ್ಟ ಹಣ ಬೇರೆ. ಈ ಭೇದವನ್ನು ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಓದದೆಯೇ ತಿಳಿದಿದ್ದರು. ಸಾಲ ಪಡೆದವನು ಆ ಹಣವನ್ನು ವ್ಯಾಪಾರಕ್ಕೆ ಹಾಕಬಹುದು, ಮಗಳ ಮದುವೆಗೆ ಖರ್ಚು ಮಾಡಬಹುದು. ಗಡುವಿಗೆ ಸರಿಯಾಗಿ ಅಷ್ಟು ಹಣವನ್ನು ಬಡ್ಡಿಯೊಡನೆ ತಂದು ಎಣಿಸಿದರೆ ಅವನ ಋಣ ತೀರಿತು. ಇಡುಗಂಟನ್ನು ಕಾಯುವವನ ಪಾಡು ಹಾಗಲ್ಲ. ಅವನು ಗಂಟನ್ನು ಬಿಚ್ಚುವಂತಿಲ್ಲ. ಕೊಟ್ಟವನು ಬಂದು ಕೇಳಿದ ದಿನ ಅದೇ ಗಂಟನ್ನು ಅದೇ ಬಟ್ಟೆಯಲ್ಲಿ ಹಾಗೆಯೇ ಎತ್ತಿ ಕೊಡಬೇಕು. ಕಾಶೀಯಾತ್ರೆಗೆ ಹೊರಟವರು ಮನೆಯ ಒಡವೆ ವಸ್ತುಗಳನ್ನು ನೆರೆಮನೆಯ ಪೆಟ್ಟಿಗೆಯಲ್ಲಿ ಇಟ್ಟುಹೋಗುತ್ತಿದ್ದ ಕಾಲದಲ್ಲಿ ಇದು ಪುಸ್ತಕದ ಮಾತಾಗಿರಲಿಲ್ಲ. ಕೇರಿಯ ಮಾನವೇ ಅದರ ಮೇಲೆ ನಿಂತಿತ್ತು.

ಧರ್ಮಶಾಸ್ತ್ರಕಾರರು ಇದಕ್ಕೆ ನಿಕ್ಷೇಪ, ಉಪನಿಧಿ, ನ್ಯಾಸ ಎಂದು ಹೆಸರುಗಳನ್ನಿಟ್ಟು ಕಟ್ಟಳೆಗಳನ್ನು ಮಾಡಿದ್ದಾರೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಅದಕ್ಕೊಂದು ಪ್ರಕರಣವೇ ಉಂಟು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದವನು. ಹಾಗಾಗಿ ಈ ಮಾತು ನಮಗೆ ದೂರದ್ದೇನೂ ಅಲ್ಲ.

ಆ ಕಟ್ಟಳೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ನೆನೆಯುತ್ತೇನೆ. ಮೊದಲನೆಯದು: ಇಡುಗಂಟನ್ನು ರಾಜ ಕಿತ್ತುಕೊಂಡರೆ, ದೈವವಶದಿಂದ ಅದು ಹಾಳಾದರೆ, ಕಳ್ಳರು ಹೊತ್ತೊಯ್ದರೆ, ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲ. ಇದಕ್ಕೊಂದು ಹೊರತು ಇದೆ. ಒಡೆಯನು ಬಂದು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು, ಆಮೇಲೆ ಅದು ಕಳೆದುಹೋದರೆ, ಕಳ್ಳನ ನೆಪ ಹೇಳಿ ಪಾರಾಗುವಂತಿಲ್ಲ. ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ಎರಡನೆಯ ಕಟ್ಟಳೆ ರಾಜನಿಗೆ ಸಂಬಂಧಿಸಿದ್ದು. ಪ್ರಜೆಯ ಸ್ವತ್ತನ್ನು ಕಳ್ಳರು ಕದ್ದರೆ ಅದನ್ನು ಪತ್ತೆಮಾಡಿ ಒಡೆಯನಿಗೆ ಮುಟ್ಟಿಸುವುದು ರಾಜನ ಹೊಣೆ. ಪತ್ತೆಯಾಗದಿದ್ದರೆ ತನ್ನ ಬೊಕ್ಕಸದಿಂದ ತುಂಬಿಕೊಡಬೇಕು. ಕಾವಲಿಗಾಗಿ ಕಂದಾಯ ತೆಗೆದುಕೊಂಡವನು ಕಾವಲಿನ ಸೋಲನ್ನೂ ಹೊರಬೇಕೆಂಬ ನ್ಯಾಯ.

ಎರಡೂ ಒಪ್ಪತಕ್ಕ ಮಾತುಗಳೇ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಇಡುಗಂಟನ್ನು ಇಟ್ಟುಕೊಂಡವನು ರಾಜನೇ ಆಗಿದ್ದರೆ? ಅದೂ ಪ್ರಜೆ ತಾನಾಗಿ ತಂದು ಒಪ್ಪಿಸದೆ, ರಾಜನೇ ಕೇಳಿ ಪಡೆದಿದ್ದರೆ? ಮತ್ತು ಆ ಗಂಟಿನಲ್ಲಿದ್ದದ್ದು ಚಿನ್ನವಾಗಿರದೆ, ಒಮ್ಮೆ ಹೊರಬಿದ್ದರೆ ಯಾವ ಬೊಕ್ಕಸವೂ ತುಂಬಿಕೊಡಲಾರದ ಗುಟ್ಟಾಗಿದ್ದರೆ?

ಇದು ತರ್ಕಪಂಡಿತರ ಕಾಲಕ್ಷೇಪದ ಸಮಸ್ಯೆಯಲ್ಲ. ೨೦೧೫ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇದು ಅಕ್ಷರಶಃ ನಡೆಯಿತು. ಸರ್ಕಾರಿ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕಿತೆಂಬ ಸುದ್ದಿ ನಮಗೀಗ ಮಳೆಗಾಲದ ಜ್ವರದ ಸುದ್ದಿಯಷ್ಟೇ ಸಾಮಾನ್ಯವಾಗಿದೆ. ಓದಿ ಪುಟ ತಿರುವುತ್ತೇವೆ. ಆದರೆ ಈ ಒಂದು ಪ್ರಸಂಗವನ್ನು ನಿಂತು ನೋಡಬೇಕು. ಅದರಲ್ಲಿ ಕಳುವಾದದ್ದು ಯಂತ್ರವಲ್ಲ, ಹಣವಲ್ಲ. ಎರಡು ಕೋಟಿಗೂ ಮೀರಿದ ಜನರ ಬಾಳಿನ ಒಳಮಾತು.

ಆ ಕಛೇರಿಗೆ ಇಂಗ್ಲಿಷಿನಲ್ಲಿ ‘ಆಫೀಸ್ ಆಫ್ ಪರ್ಸನೆಲ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ಸಿಬ್ಬಂದಿ ಕಛೇರಿ ಎಂದು ನಾವು ಕರೆಯೋಣ. ಅಮೆರಿಕದ ಕೇಂದ್ರ ಸರ್ಕಾರದ ನೌಕರರ ನೇಮಕ, ನಿವೃತ್ತಿ, ಪಿಂಚಣಿಗಳ ದಾಖಲೆಯೆಲ್ಲ ಅಲ್ಲಿ. ಹೊರಗಿನವರಿಗೆ ಹೆಸರೂ ತಿಳಿಯದ, ಬೇಸರದ ಕೆಲಸಗಳ ಕಛೇರಿ. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ದೇಶದ ರಹಸ್ಯಗಳನ್ನು ನೋಡಬೇಕಾದ ಹುದ್ದೆಗೆ ಬರುವವರ ಪೂರ್ವಾಪರವನ್ನು ವಿಚಾರಿಸುವ ಹೊಣೆ ಆಗ ಬಹುಮಟ್ಟಿಗೆ ಅದರದಾಗಿತ್ತು. ಆ ವಿಚಾರಣೆಗೆ ಎಸ್‌ಎಫ್ ೮೬ ಎಂಬ ಒಂದು ನಮೂನೆ; ನೂರಕ್ಕೂ ಹೆಚ್ಚು ಪುಟಗಳ ಅರ್ಜಿ.

ಆ ಅರ್ಜಿಯಲ್ಲಿ ಏನೇನು ಕೇಳುತ್ತಾರೆಂಬುದನ್ನು ಸ್ವಲ್ಪ ನೋಡಬೇಕು. ಹತ್ತು ವರ್ಷಗಳಿಂದ ಎಲ್ಲೆಲ್ಲಿ ವಾಸವಾಗಿದ್ದಿರಿ, ಅಲ್ಲಿ ನಿಮ್ಮನ್ನು ಬಲ್ಲ ನೆರೆಯವರು ಯಾರು? ನಿಮ್ಮ ಹೆತ್ತವರು, ಒಡಹುಟ್ಟಿದವರು, ಮಾವ ಅತ್ತೆಯರು ಯಾರು, ಎಲ್ಲಿ ಹುಟ್ಟಿದವರು? ಪರದೇಶದಲ್ಲಿ ಯಾರೊಡನೆ ಸ್ನೇಹ? ವಿಚ್ಛೇದನವಾಗಿದ್ದರೆ ಎಂದು? ತೀರಿಸಲಾಗದ ಸಾಲವುಂಟೆ? ಜೂಜಿನಲ್ಲಿ ಹಣ ಕಳೆದದ್ದುಂಟೆ? ಕುಡಿತದಿಂದ ಕೆಲಸ ಕೆಟ್ಟದ್ದುಂಟೆ? ಮಾದಕ ವಸ್ತು ಸೇವಿಸಿದ್ದುಂಟೆ? ಮನಸ್ಸಿನ ಕಾಯಿಲೆಗೆ ವೈದ್ಯರನ್ನು ಕಂಡದ್ದುಂಟೆ? ತಾಯಿಯ ಮುಂದೆ, ಹೆಂಡತಿಯ ಮುಂದೆ ಬಾಯಿಬಿಡದ ವಿಷಯಗಳನ್ನು ಇಲ್ಲಿ ಬರೆದು ಸಹಿ ಹಾಕಬೇಕು. ಬೇಕೆಂದೇ ಸುಳ್ಳು ಬರೆದರೆ ಶಿಕ್ಷಾರ್ಹ ಅಪರಾಧ. ಜೊತೆಗೆ ಹತ್ತು ಬೆರಳುಗಳ ಅಚ್ಚು.

ಇಷ್ಟೆಲ್ಲ ಕೇಳುವುದಕ್ಕೆ ಸರ್ಕಾರ ಕೊಡುವ ಕಾರಣ ಅಸಂಬದ್ಧವಾದದ್ದಲ್ಲ. ಸಾಲದಲ್ಲಿ ಮುಳುಗಿದವನನ್ನು ಶತ್ರು ಹಣದಿಂದ ಕೊಳ್ಳಬಹುದು. ಬಚ್ಚಿಡಬೇಕಾದ ಸಂಬಂಧವಿರುವವನನ್ನು ಹೆದರಿಸಿ ಬಗ್ಗಿಸಬಹುದು. ಮನುಷ್ಯನ ದುರ್ಬಲವಾದ ಜಾಗ ಎಲ್ಲಿದೆಯೆಂಬುದನ್ನು ಶತ್ರುವಿಗಿಂತ ಮೊದಲು ನಾವು ತಿಳಿದಿರಬೇಕು ಎಂಬುದು ಅವರ ವಾದ. ರಾಜ್ಯಭಾರ ಮಾಡುವವರಿಗೆ ಇದು ಬೇಡವೆನ್ನಲು ನನಗೆ ಬಾಯಿಲ್ಲ. ಕೌಟಿಲ್ಯನೂ ಅಮಾತ್ಯರನ್ನು ಪರೀಕ್ಷಿಸದೆ ನೇಮಿಸಬಾರದೆಂದೇ ಹೇಳಿದ.

ಇನ್ನು ಕಳವಿನ ಕಥೆ. ೨೦೧೪ರ ಮಾರ್ಚ್ ತಿಂಗಳಲ್ಲಿ ಗೃಹಭದ್ರತಾ ಇಲಾಖೆಯ ಒಂದು ತಂಡ, ನಿಮ್ಮ ಯಂತ್ರಗಳಲ್ಲಿ ಯಾರೋ ಇದ್ದಾರೆ ಎಂದು ಸಿಬ್ಬಂದಿ ಕಛೇರಿಯನ್ನು ಎಚ್ಚರಿಸಿತು. ಕಛೇರಿಯವರು ಆ ಕಳ್ಳನನ್ನು ತಟ್ಟನೆ ಓಡಿಸದೆ, ಅವನು ಏನು ಮಾಡುತ್ತಾನೆಂದು ಎರಡು ತಿಂಗಳು ಕಣ್ಣಿಟ್ಟು ಕಾದರು. ಅಷ್ಟರಲ್ಲಿ ಅವನು ಆ ಕಂಪ್ಯೂಟರ್ ವ್ಯವಸ್ಥೆಯ ಕೈಪಿಡಿಗಳನ್ನೂ ನಕ್ಷೆಗಳನ್ನೂ ಒಯ್ದಿದ್ದ. ಮೇ ೨೭ರಂದು ಒಮ್ಮೆಲೇ ಎಲ್ಲ ಬಾಗಿಲು ಹಾಕಿ ಅವನನ್ನು ಹೊರದಬ್ಬಿದರು. ಕೆಲಸ ಮುಗಿಯಿತೆಂದುಕೊಂಡರು. ಆದರೆ ಅದಕ್ಕೆ ಇಪ್ಪತ್ತು ದಿನ ಮೊದಲೇ, ಮೇ ೭ರಂದು, ಎರಡನೆಯವನೊಬ್ಬ ಒಳಗೆ ಬಂದು ಕುಳಿತಿದ್ದ. ಹಜಾರದ ಹೆಗ್ಗಣಕ್ಕೆ ಬೋನು ಇಟ್ಟು ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದಾಗ ಹಿತ್ತಲಿನಿಂದ ಇನ್ನೊಂದು ನುಗ್ಗಿದಂತಾಯಿತು.

ಈ ಎರಡನೆಯವನು ಬಂದದ್ದು ಗೋಡೆ ಕೊರೆದಲ್ಲ. ಪೂರ್ವಾಪರ ವಿಚಾರಣೆಯ ಕೆಲಸವನ್ನು ಗುತ್ತಿಗೆ ಹಿಡಿದಿದ್ದ ಸಂಸ್ಥೆಯೊಂದರ ನೌಕರನ ಹೆಸರು, ಗುಪ್ತಪದ ಅವನ ಕೈಸೇರಿದ್ದವು, ಹೆಬ್ಬಾಗಿಲಿನಿಂದಲೇ ಬಂದ. ಬಂದವನು ‘ಪ್ಲಗ್‌ಎಕ್ಸ್’ ಎಂಬ ಮಾಲ್‌ವೇರನ್ನು, ಎಂದರೆ ಕೇಡಿಗೆಂದೇ ಬರೆದ ಪ್ರೋಗ್ರಾಮನ್ನು ಒಳಗೆ ನೆಟ್ಟ. ಇದು ಸದ್ದು ಮಾಡುವುದಿಲ್ಲ, ಏನನ್ನೂ ಕೆಡಿಸುವುದಿಲ್ಲ. ಯಂತ್ರದ ಒಂದು ಮೂಲೆಯಲ್ಲಿ ಕುಳಿತು, ನೌಕರರು ಒತ್ತುವ ಕೀಲಿಗಳನ್ನು ನೋಡಿಕೊಳ್ಳುತ್ತ, ಕಡತಗಳನ್ನು ನಕಲು ಮಾಡುತ್ತ, ಹೊರಗಿರುವ ಯಜಮಾನನಿಗೆ ಆಗಾಗ ಸುದ್ದಿ ಕಳುಹಿಸುತ್ತಿರುತ್ತದೆ. ಅದು ಹಾಕಿಕೊಂಡಿದ್ದ ವೇಷವನ್ನು ಕೇಳಿದರೆ ನಗು ಬಂದೀತು: ಮ್ಯಾಕಫೀ ಎಂಬ ವೈರಸ್ ನಿವಾರಕದ ಕಡತವೊಂದರ ಹೆಸರು. ಕಳ್ಳ ಕಾವಲುಗಾರನ ಅಂಗಿ ತೊಟ್ಟು ಬಂದಿದ್ದ. ಆ ಕಛೇರಿ ಮ್ಯಾಕಫೀಯನ್ನು ಬಳಸುತ್ತಲೇ ಇರಲಿಲ್ಲ. ಅದು ಸುದ್ದಿ ಕಳುಹಿಸುತ್ತಿದ್ದ ವಿಳಾಸವೂ ಕಛೇರಿಯ ಭದ್ರತಾ ವಿಭಾಗದ್ದೆಂಬಂತೆ ತೋರುತ್ತಿತ್ತು. ಆ ವಿಳಾಸವನ್ನು ನೋಂದಾಯಿಸಿದ್ದು ‘ಸ್ಟೀವ್ ರಾಜರ್ಸ್’ ಎಂಬ ಹೆಸರಿನಲ್ಲಿ. ಅಮೆರಿಕದ ಮಕ್ಕಳ ಚಿತ್ರಕಥೆಗಳಲ್ಲಿ ‘ಕ್ಯಾಪ್ಟನ್ ಅಮೆರಿಕ’ ಎಂಬ ವೀರನ ನಿಜನಾಮಧೇಯವದು. ಕಳ್ಳರಿಗೂ ವಿನೋದಪ್ರಜ್ಞೆ ಇರುತ್ತದೆ.

೨೦೧೪ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪೂರ್ವಾಪರ ವಿಚಾರಣೆಯ ದಾಖಲೆಗಳು ಹೋದವು. ಡಿಸೆಂಬರಿನಲ್ಲಿ ೪೨ ಲಕ್ಷ ನೌಕರರ ಸೇವಾ ದಾಖಲೆಗಳು. ೨೦೧೫ರ ಮಾರ್ಚಿನಲ್ಲಿ ಬೆರಳಚ್ಚುಗಳು. ಅದು ಬೆಳಕಿಗೆ ಬಂದದ್ದು ಏಪ್ರಿಲಿನಲ್ಲಿ. ಜುಲೈ ೯ರಂದು ಸರ್ಕಾರ ಒಟ್ಟು ಲೆಕ್ಕವನ್ನು ಹೇಳಿತು: ವಿಚಾರಣೆಯ ದಾಖಲೆಗಳಲ್ಲೇ ೨ ಕೋಟಿ ೧೫ ಲಕ್ಷ ಜನ. ಅದರಲ್ಲಿ ೧ ಕೋಟಿ ೯೭ ಲಕ್ಷ ಮಂದಿ ಅರ್ಜಿ ಹಾಕಿದವರು. ಉಳಿದ ೧೮ ಲಕ್ಷ ಮಂದಿ ಯಾವ ಅರ್ಜಿಯನ್ನೂ ಹಾಕದವರು, ಬಹುತೇಕ ಅರ್ಜಿದಾರರ ಗಂಡ ಅಥವಾ ಹೆಂಡತಿ. ಬೆರಳಚ್ಚು ೧೧ ಲಕ್ಷ ಜನರದು ಎಂದು ಮೊದಲು ಹೇಳಿ, ಸೆಪ್ಟೆಂಬರಿನಲ್ಲಿ ೫೬ ಲಕ್ಷ ಎಂದು ತಿದ್ದಿದರು.

ಇದರಲ್ಲಿರುವ ವಕ್ರವನ್ನು ಓದುಗರು ಆಗಲೇ ಕಂಡಿರಬಹುದು. ಶತ್ರು ಹಿಡಿಯಬಹುದಾದ ಜುಟ್ಟು ಯಾರ ತಲೆಯಲ್ಲಿ ಎಷ್ಟು ಉದ್ದವಿದೆಯೆಂದು ತಿಳಿಯುವುದಕ್ಕಾಗಿ ಸರ್ಕಾರ ಒಂದು ಪಟ್ಟಿ ಮಾಡಿತು. ಆ ಪಟ್ಟಿಯೇ ಶತ್ರುವಿನ ಕೈಗೆ ಸಿಕ್ಕಿತು. ಒಬ್ಬೊಬ್ಬರ ದೌರ್ಬಲ್ಯವನ್ನು ಹುಡುಕಿ ತೆಗೆಯಲು ಯಾವ ಗೂಢಚಾರ ಪಡೆಗೂ ನೂರು ವರ್ಷ ಸಾಲದು. ಅದನ್ನು ಅವರವರ ಕೈಯಿಂದಲೇ ಬರೆಯಿಸಿ, ಅಕ್ಷರಾನುಕ್ರಮದಲ್ಲಿ ಜೋಡಿಸಿ, ಒಂದೇ ಕಡೆ ಇಟ್ಟದ್ದು ಕಾಯಬೇಕಾದವರೇ. ಕಾವಲಿಗೆಂದು ಮಾಡಿದ ಕೆಲಸವೇ ಕೇಡಿನ ಗಣಿಯಾಯಿತು. ಪಟ್ಟಿಯಲ್ಲಿ ಇಲ್ಲದಿರುವುದೂ ಅಪಾಯವಾಯಿತೆಂಬುದು ಇನ್ನೂ ವಿಚಿತ್ರ. ಬೀಜಿಂಗಿನ ಅಮೆರಿಕನ್ ರಾಯಭಾರ ಕಛೇರಿಯಿಂದ ಗುಪ್ತಚರ ಸಂಸ್ಥೆಯು ತನ್ನ ಕೆಲವು ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತೆಂದು ಪತ್ರಿಕೆಗಳು ವರದಿ ಮಾಡಿದವು. ಕಾರಣವಿಷ್ಟೆ: ವಿದೇಶಾಂಗ ಇಲಾಖೆಯ ನಿಜವಾದ ನೌಕರರ ದಾಖಲೆ ಸಿಬ್ಬಂದಿ ಕಛೇರಿಯಲ್ಲಿತ್ತು, ಗೂಢಚಾರರದು ಅಲ್ಲಿರಲಿಲ್ಲ. ರಾಯಭಾರ ಕಛೇರಿಯಲ್ಲಿ ಕುಳಿತವರಲ್ಲಿ ಯಾರ ಹೆಸರು ಕದ್ದ ಪಟ್ಟಿಯಲ್ಲಿ ಇಲ್ಲವೋ ಅವರೇ ಗೂಢಚಾರರು ಎಂದು ಕೂಡಿಸಿ ಕಳೆದು ತಿಳಿಯಬಹುದಲ್ಲ!

ಹಾಗಾದರೆ ತಪ್ಪು ಯಾರದು? ಆಗ ಆ ಕಛೇರಿಯ ಮುಖ್ಯಸ್ಥೆಯಾಗಿದ್ದವರು ಕ್ಯಾಥರೀನ್ ಆರ್ಚುಲೆಟಾ. ೨೦೧೩ರ ನವೆಂಬರಿನಲ್ಲಿ ಅಧಿಕಾರಕ್ಕೆ ಬಂದವರು. ಸೆನೆಟ್ ಸಮಿತಿಯ ಮುಂದೆ ಆಕೆ, ಇದಕ್ಕೆ ವೈಯಕ್ತಿಕವಾಗಿ ಯಾರೂ ಹೊಣೆಯೆಂದು ತಮಗೆ ತೋರುವುದಿಲ್ಲ, ದೂರುವುದಾದರೆ ಕದ್ದವರನ್ನೇ ದೂರಬೇಕು ಎಂಬ ಅರ್ಥದ ಮಾತನ್ನು ಆಡಿದರು. ಯಂತ್ರಗಳು ಹಳೆಯವು, ದಶಕಗಳ ಅಲಕ್ಷ್ಯದ ಫಲವಿದು ಎಂದೂ ಹೇಳಿದರು. ಜನ ಸಿಟ್ಟಾದರು. ಒಟ್ಟು ಲೆಕ್ಕ ಪ್ರಕಟವಾದ ಮರುದಿನವೇ ಆಕೆ ರಾಜೀನಾಮೆ ಕೊಡಬೇಕಾಯಿತು.

ಆಕೆಯ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ನನಗೆ ತೋರುತ್ತದೆ. ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು ಆಕೆ ಬರುವುದಕ್ಕೆ ಬಹಳ ಮೊದಲಿನಿಂದಲೂ ಅಲ್ಲಿದ್ದವು. ದುಡ್ಡು ಕೊಡದಿದ್ದ ಶಾಸನಸಭೆ, ಮುಂದೂಡಿದ ಹಿಂದಿನ ಅಧಿಕಾರಿಗಳು, ಗುಪ್ತಪದವನ್ನು ಕಳೆದುಕೊಂಡ ಗುತ್ತಿಗೆಯ ನೌಕರ, ಹೀಗೆ ನೂರು ಕೈಗಳು ಈ ಪಾಪದಲ್ಲಿ ಕೂಡಿವೆ. ಕಛೇರಿ ಎಂಬುದರ ಸ್ವಭಾವವೇ ಹಾಗೆ. ಕಡತ ಮೇಜಿನಿಂದ ಮೇಜಿಗೆ ಹೋದಂತೆ ಷರಾಗಳು ಬೆಳೆಯುತ್ತವೆ, ಹೊಣೆ ತೆಳುವಾಗುತ್ತದೆ. ಕೊನೆಯ ಸಹಿಯ ಹೊತ್ತಿಗೆ ಅದು ಕಣ್ಣಿಗೇ ಕಾಣುವುದಿಲ್ಲ. ಹತ್ತು ಜನ ಹೊತ್ತ ಪಲ್ಲಕ್ಕಿ ಬಿದ್ದರೆ ಯಾರ ಹೆಗಲು ಜಾರಿತೆಂದು ಹೇಳುವುದು ಹೇಗೆ?

ಹೀಗೆಂದು ನಾವು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಈ ಕಥೆಯಲ್ಲಿ ಹೊಣೆ ಸ್ಪಷ್ಟವಾಗಿ ಒಂದು ಮೇಜಿನ ಮೇಲೆ ಬಂದು ನಿಂತ ಗಳಿಗೆಯೂ ಇದೆ. ಆ ಕಛೇರಿಗೆ ತನ್ನದೇ ಒಬ್ಬ ತನಿಖಾಧಿಕಾರಿಯಿದ್ದ. ಕಂಪ್ಯೂಟರುಗಳ ಕಾವಲು ಸಾಲದೆಂದು ಅವನ ವಿಭಾಗ ವರ್ಷ ವರ್ಷವೂ ಬರೆಯುತ್ತ ಬಂದಿತ್ತು. ೨೦೧೪ರ ನವೆಂಬರಿನ ವರದಿಯಲ್ಲಿ, ಆ ವರ್ಷ ಭದ್ರತೆಯ ಒಪ್ಪಿಗೆ ಪಡೆಯಬೇಕಾಗಿದ್ದ ೨೧ ವ್ಯವಸ್ಥೆಗಳ ಪೈಕಿ ೧೧ ಒಪ್ಪಿಗೆಯಿಲ್ಲದೆಯೇ ನಡೆಯುತ್ತಿವೆ, ಅಂಥವನ್ನು ಮುಚ್ಚುವುದನ್ನು ಆಲೋಚಿಸಿ ಎಂದು ಅದು ಹೇಳಿತು. ಮುಚ್ಚಲಿಲ್ಲ. ಮುಚ್ಚಿದ್ದರೆ ನೇಮಕಗಳು ನಿಲ್ಲುತ್ತಿದ್ದವು, ಪಿಂಚಣಿ ತಡವಾಗುತ್ತಿತ್ತು, ನಾಳೆ ಬೆಳಗ್ಗೆ ಬಾಗಿಲಲ್ಲಿ ಜನ ನಿಲ್ಲುತ್ತಿದ್ದರು. ಆ ಕಷ್ಟ ಕಣ್ಣಿಗೆ ಕಾಣುವಂಥದು, ಕಳ್ಳ ಕಾಣುವಂಥವನಲ್ಲ. ಎಂಥವರಾದರೂ ಕಾಣುವ ಕಷ್ಟವನ್ನು ತಪ್ಪಿಸಲು ಕಾಣದ ಕಷ್ಟವನ್ನು ಒಪ್ಪಿಕೊಳ್ಳುತ್ತಾರೆ. ಆದರೂ ಇಲ್ಲಿ ಒಂದು ಮಾತು. ಆ ಕಷ್ಟ ತಮ್ಮದಾಗಿದ್ದರೆ ಒಪ್ಪಿಕೊಳ್ಳಬಹುದು. ಇಲ್ಲಿ ಗಂಡಾಂತರ ಪರರ ಗಂಟಿಗೆ. ಮತ್ತು ಆ ವರದಿ ಬಂದ ದಿನ ೫೬ ಲಕ್ಷ ಜನರ ಬೆರಳಚ್ಚು ಇನ್ನೂ ಒಳಗೇ ಇತ್ತು.

ಕದ್ದವರನ್ನು ದೂರಿ ಎಂಬ ಮಾತಿಗೂ ಉತ್ತರ ಹುಡುಕಬೇಕು. ಕದ್ದವರು ಚೀನಾದವರೆಂದು ಅಮೆರಿಕದ ಅಧಿಕಾರಿಗಳು ಶಂಕಿಸಿದರು. ಚೀನಾ ಸರ್ಕಾರ ಅಲ್ಲಗಳೆಯಿತು. ಆಗ ಅಮೆರಿಕದ ಗುಪ್ತಚರ ವಿಭಾಗಗಳಿಗೆಲ್ಲ ಮೇಲಧಿಕಾರಿಯಾಗಿದ್ದ ಜೇಮ್ಸ್ ಕ್ಲ್ಯಾಪರ್ ೨೦೧೫ರ ಜೂನ್ ತಿಂಗಳಲ್ಲಿ ಸಭೆಯೊಂದರಲ್ಲಿ, ಈ ಕೆಲಸ ಮಾಡಿದವರಿಗೆ ಒಂದು ಸಲಾಮು ಹೊಡೆಯಬೇಕಾಗುತ್ತದೆ, ಇಂಥ ಅವಕಾಶ ನಮಗೆ ಸಿಕ್ಕಿದ್ದರೆ ನಾವೂ ಹಿಂದೆಮುಂದೆ ನೋಡುತ್ತಿರಲಿಲ್ಲ ಎಂಬರ್ಥದಲ್ಲಿ ಮಾತನಾಡಿದರು. ಪ್ರಾಮಾಣಿಕವಾದ ಮಾತು, ಕೇಳಲು ಸ್ವಲ್ಪ ಎದೆ ಝಲ್ಲೆನ್ನುತ್ತದೆ. ರಾಜ್ಯರಾಜ್ಯಗಳ ನಡುವೆ ಇದು ಕಳವೇ ಅಲ್ಲ, ವೃತ್ತಿ ಎಂದಾಯಿತು.

ಈಗ ಹಳೆಯ ಕಟ್ಟಳೆಗೆ ಹಿಂದಿರುಗೋಣ. ರಾಜ, ದೈವ, ಕಳ್ಳ ಈ ಮೂವರನ್ನೂ ಯಾಜ್ಞವಲ್ಕ್ಯ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೇಕೆ? ಮೂವರೂ ಇಟ್ಟುಕೊಂಡವನ ಅಳವಿಗೆ ಮೀರಿದವರು. ಊರಿನ ಗೃಹಸ್ಥನೊಬ್ಬ ಅವರನ್ನು ತಡೆಯಲಾರ. ಅದಕ್ಕಾಗಿ ಅವನಿಗೆ ಕ್ಷಮೆ. ಆದರೆ ಕಳ್ಳರು ಬಂದೇ ಬರುತ್ತಾರೆಂದು ಖಚಿತವಾಗಿ ಬಲ್ಲವನು, ತಾನೂ ಬೇರೆಯವರ ಮನೆಯಲ್ಲಿ ಅದೇ ಕೆಲಸವನ್ನು ಮಾಡಬಲ್ಲವನು, ತನ್ನ ಮನೆಗೆ ಕಳ್ಳ ಬಂದಾಗ ಅವನನ್ನು ದೈವದ ಪಕ್ಕದಲ್ಲಿ ನಿಲ್ಲಿಸಿ, ನಾನೇನು ಮಾಡಲಿ ಎಂದು ಕೇಳಬಹುದೆ? ನನ್ನ ಮನಸ್ಸು ಒಪ್ಪುವುದಿಲ್ಲ. ೨೦೧೬ರಲ್ಲಿ ಶಾಸನಸಭೆಯ ಸಮಿತಿಯೊಂದು ದೀರ್ಘವಾದ ವರದಿ ಕೊಟ್ಟಿತು. ಗುಪ್ತಪದದ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವಂಥ ಪ್ರಾಥಮಿಕ ಏರ್ಪಾಡುಗಳನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದರೆ ಈ ಕಳವನ್ನು ತಡೆಯಬಹುದಾಗಿತ್ತು, ಇಲ್ಲವೆ ತಗ್ಗಿಸಬಹುದಾಗಿತ್ತು ಎಂದು ಅದರ ತೀರ್ಮಾನ. ನಮ್ಮ ಬ್ಯಾಂಕುಗಳು ಸಾವಿರ ರೂಪಾಯಿ ಕಳುಹಿಸುವಾಗ ಫೋನಿಗೆ ಒಂದು ಸಂಖ್ಯೆ ಕಳುಹಿಸಿ ಕೇಳುತ್ತವೆಯಲ್ಲ, ಅಷ್ಟರ ಮಾತು.

ಇನ್ನು ನಷ್ಟದ ವಿಚಾರ. ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ಕದ್ದ ಒಡವೆ ಸಂತೆಗೆ ಬರುತ್ತದೆ. ಈ ದಾಖಲೆಗಳು ಮಾರಾಟಕ್ಕೆ ಬಂದ ಕುರುಹು ಕಾಣಲಿಲ್ಲ. ನೌಕರರ ಸಂಘಗಳು ನ್ಯಾಯಾಲಯಕ್ಕೆ ಹೋದವು. ೨೦೧೭ರಲ್ಲಿ ಕೆಳಗಿನ ನ್ಯಾಯಾಲಯ, ಕಳವಾಯಿತೆಂಬುದಷ್ಟೇ ಸಾಲದು, ಹಾನಿಯಾದದ್ದನ್ನು ತೋರಿಸಲಿಲ್ಲವೆಂದು ವ್ಯಾಜ್ಯವನ್ನು ತಳ್ಳಿಹಾಕಿತು. ೨೦೧೯ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ೨೦೨೨ರಲ್ಲಿ ೬ ಕೋಟಿ ೩೦ ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಕೈಯಿಂದ ಹಣ ಹೋದದ್ದನ್ನು ತೋರಿಸಬಲ್ಲವರಿಗೆ ಕನಿಷ್ಠ ೭೦೦ ಡಾಲರು. ಉಳಿದವರಿಗೆ, ಅವರ ಹೆಸರಿನಲ್ಲಿ ಯಾರಾದರೂ ಸಾಲ ಎತ್ತುತ್ತಾರೆಯೇ ಎಂದು ಗಮನಿಸುವ ಪುಕ್ಕಟೆ ಸೇವೆ; ಅದನ್ನು ಶಾಸನಸಭೆ ೨೦೨೬ರವರೆಗೆ ವಿಸ್ತರಿಸಿತು.

ಯಾರೂ ಬಳಸದ ಗುಟ್ಟು ಕಳುವಾದರೆ ಹಾನಿಯುಂಟೆ? ಕೆಳಗಿನ ನ್ಯಾಯಾಲಯದ ತರ್ಕ ಲೌಕಿಕವಾಗಿ ಬಿಗಿಯಾದದ್ದೇ. ಕಾಲಿಗೆ ಪೆಟ್ಟಾಗಿಲ್ಲ, ಜೇಬಿಗೆ ಕತ್ತರಿ ಬಿದ್ದಿಲ್ಲ, ಮತ್ತೇನು? ಆದರೆ ನಮ್ಮ ಅನುಭವ ಬೇರೆ ಹೇಳುತ್ತದೆ. ನಿಮ್ಮ ಮನೆಯ ಬೀಗದ ಕೈಯ ಇನ್ನೊಂದು ಪ್ರತಿ ಯಾರೋ ಅಪರಿಚಿತನ ಬಳಿ ಇದೆಯೆಂದು ತಿಳಿದ ರಾತ್ರಿ ನೀವು ಹೇಗೆ ಮಲಗುತ್ತೀರಿ? ಅವನು ಬಂದಿಲ್ಲ, ಬಾರದೆಯೂ ಇದ್ದಾನು. ಆದರೆ ಅಂದಿನಿಂದ ನಿಮ್ಮ ನಿದ್ರೆ ಅವನ ಅನುಗ್ರಹ. ಬೀಗವನ್ನಾದರೆ ಬದಲಾಯಿಸಬಹುದು. ಹತ್ತು ವರ್ಷಗಳ ಹಿಂದೆ ಮನಸ್ಸು ಕೆಟ್ಟು ವೈದ್ಯರನ್ನು ಕಂಡದ್ದನ್ನು ಬದಲಾಯಿಸುವಂತಿಲ್ಲ. ಬೆರಳ ತುದಿಯ ಗೆರೆಗಳನ್ನೂ ಬದಲಾಯಿಸುವಂತಿಲ್ಲ. ಸದ್ಯಕ್ಕೆ ಬೆರಳಚ್ಚಿನ ದುರುಪಯೋಗ ಸುಲಭವಲ್ಲ, ಮುಂದೆ ತಂತ್ರವಿದ್ಯೆ ಬೆಳೆದರೆ ಈ ಮಾತು ಬದಲಾಗಬಹುದು ಎಂದು ಸಿಬ್ಬಂದಿ ಕಛೇರಿಯೇ ೨೦೧೫ರಲ್ಲಿ ಹೇಳಿತು. ಎಂದರೆ ಆ ಜನ ಮುದುಕರಾಗುವವರೆಗೂ ಯಾವನೋ ಜಾಣ ಹುಟ್ಟದಿರಲಿ ಎಂದು ಹಾರೈಸುತ್ತಿರಬೇಕು.

ಹಾಗಾದರೆ ಕಂಪ್ಯೂಟರುಗಳನ್ನೆಲ್ಲ ಎಸೆದು ಕಾಗದಕ್ಕೆ ಹಿಂದಿರುಗಬೇಕೆ? ಇದಕ್ಕೂ ಆ ಕಛೇರಿಯಲ್ಲೇ ಒಂದು ನಿದರ್ಶನವಿದೆ. ಪೆನ್ಸಿಲ್ವೇನಿಯದ ಬಾಯರ್ಸ್ ಎಂಬ ಊರಿನಲ್ಲಿ, ನೆಲದಿಂದ ೨೩೦ ಅಡಿ ಕೆಳಗೆ, ಸುಣ್ಣಕಲ್ಲಿನ ಹಳೆಯ ಗಣಿಯೊಂದುಂಟು. ಕೇಂದ್ರ ಸರ್ಕಾರದ ನೌಕರರ ನಿವೃತ್ತಿ ಪತ್ರಗಳು ಅಲ್ಲಿ ಸಾವಿರಾರು ಬೀರುಗಳಲ್ಲಿದ್ದವು. ಸುಮಾರು ೬೦೦ ಗುಮಾಸ್ತರು ಆ ಗುಹೆಯೊಳಗೆ ಕುಳಿತು ಕೈಯಿಂದಲೇ ಕಡತ ತಿರುವಿ ಪಿಂಚಣಿ ಲೆಕ್ಕ ಹಾಕುತ್ತಾರೆಂದು ೨೦೧೪ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬರೆದಾಗ ದೇಶವೆಲ್ಲ ನಕ್ಕಿತ್ತು. ಮರುವರ್ಷ ಯಾರಿಗೂ ನಗು ಬಂದಿರಲಾರದು. ಎರಡು ಕೋಟಿ ಕಾಗದದ ಕಡತಗಳನ್ನು ಹೊರಲು ಎಷ್ಟು ಲಾರಿ ಬೇಕಾದೀತೆಂದು ಊಹಿಸಿ! ಆದರೂ ಗಣಿಗೆ ಹಿಂದಿರುಗೋಣ ಎಂಬ ಮಾತು ನಡೆಯುವಂಥದಲ್ಲ. ಪಿಂಚಣಿಗಾಗಿ ತಿಂಗಳುಗಟ್ಟಲೆ ಕಾದ ಮುದುಕರನ್ನು ಕೇಳಿದರೆ ಗೊತ್ತಾಗುತ್ತದೆ.

ಕಾಗದವೇ, ಯಂತ್ರವೇ ಎಂ‌ಬುದು ಇಲ್ಲಿ ಮುಖ್ಯವೆಂದು ನನಗೆ ತೋರುವುದಿಲ್ಲ. ಮುಖ್ಯವಾದದ್ದು ಇನ್ನೊಂದು. ೨೦೦೦ದಿಂದ ಈಚೆಗೆ ಈ ವಿಚಾರಣೆಗೆ ಒಳಗಾದವರೆಲ್ಲರ ದಾಖಲೆಯೂ ಬಹುಶಃ ಹೋಗಿದೆ ಎಂದು ಕಛೇರಿ ಪ್ರಕಟಿಸಿತು. ಹದಿನೈದು ವರ್ಷಗಳ ಗಂಟು! ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ೨೦೦೧ರಲ್ಲಿ ಅರ್ಜಿ ಹಾಕಿದ, ಒಳಗಿನದೆಲ್ಲ ಬರೆದುಕೊಟ್ಟ, ಕೆಲಸ ಸಿಗಲಿಲ್ಲ. ಊರಿಗೆ ಹೋಗಿ ಶಾಲೆಯಲ್ಲಿ ಮೇಷ್ಟರಾದ. ಮದುವೆಯಾಯಿತು, ಮಕ್ಕಳಾದವು, ಸರ್ಕಾರದ ನೆನಪೇ ಅವನಿಗಿಲ್ಲ. ಸರ್ಕಾರಕ್ಕೆ ಮಾತ್ರ ಅವನ ನೆನಪಿತ್ತು. ೨೦೧೫ರ ಕೊನೆಯಲ್ಲಿ ಅವನ ಮನೆಗೆ ಒಂದು ಕಾಗದ ಬರುತ್ತದೆ, ನಿಮ್ಮ ಗುಟ್ಟು ಕಳುವಾಗಿದೆ ಎಂದು. ಅವನು ಕೇಳುವ ಮೊದಲ ಪ್ರಶ್ನೆ ಕಳ್ಳ ಯಾರು ಎಂಬುದಾಗಿರಲಾರದು. ಅದು ಇನ್ನೂ ನಿಮ್ಮ ಹತ್ತಿರ ಏಕಿತ್ತು ಎಂಬುದಾಗಿರುತ್ತದೆ.

ಚಿನ್ನವನ್ನು ಹಿಂದಿರುಗಿಸುವುದೆಂದರೆ ಕೈಗೆ ಕೊಡುವುದು. ಗುಟ್ಟನ್ನು ಹಿಂದಿರುಗಿಸುವುದು ಹೇಗೆ? ಅದನ್ನು ಮರೆಯುವುದೊಂದೇ ದಾರಿ. ಕೆಲಸ ತೀರಿದ ದಿನ ಅಳಿಸಿಹಾಕುವುದೇ ಗುಟ್ಟಿನ ಇಡುಗಂಟನ್ನು ಒಪ್ಪಿಸುವ ರೀತಿ. ಹೀಗೆ ನೋಡಿದರೆ ಯಾಜ್ಞವಲ್ಕ್ಯ ಹೇಳಿದ ಆ ಹೊರತು ಇಲ್ಲಿಗೂ ಅನ್ವಯಿಸುತ್ತದೆ. ಮರಳಿಸಬೇಕಾದ ಕಾಲ ಬಂದ ಮೇಲೂ ಇಟ್ಟುಕೊಂಡವನಿಗೆ ಕಳ್ಳನ ನೆಪವಿಲ್ಲ. ಹುದ್ದೆಯಲ್ಲಿ ಇರುವವರನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ವಿಚಾರಿಸಬೇಕು, ಹಿಂದಿನ ಉತ್ತರದೊಡನೆ ಹೋಲಿಸಬೇಕು, ಅದಕ್ಕಾಗಿ ದಾಖಲೆ ಬೇಕು ಎಂದು ಅಧಿಕಾರಿಗಳು ಹೇಳಬಹುದು. ಇರುವವರ ಮಟ್ಟಿಗೆ ಒಪ್ಪಿದೆ. ಬಿಟ್ಟುಹೋದವರದು, ಬಾರದೇ ಹೋದವರದು, ಅವರ ಹೆಂಡಿರದು, ನೆರೆಯವರದು? ಮುಂದೊಂದು ದಿನ ಬೇಕಾದೀತು ಎಂಬುದು ಹಳೆಯ ಡಬ್ಬ ಸೀಸೆಗಳನ್ನು ಅಟ್ಟದ ಮೇಲೆ ತುಂಬುವವರ ಮಾತು. ಡಬ್ಬಗಳಿಂದ ಯಾರಿಗೂ ಕೇಡಿಲ್ಲ.

ನಮ್ಮ ಊರಿನಲ್ಲಿ ಈ ಅಟ್ಟ ಇನ್ನೂ ವಿಶಾಲವಾಗಿದೆ. ಒಂದು ಅರ್ಜಿಗೆ ಆಧಾರ್ ಕಾರ್ಡಿನ ಮೂರು ಜೆರಾಕ್ಸ್ ಪ್ರತಿ ಕೊಟ್ಟವರು ಆ ಮೂರೂ ಎಲ್ಲಿಗೆ ಹೋದವೆಂದು ಕೇಳಿದ್ದುಂಟೆ? ೨೦೨೨ರ ನವೆಂಬರ್ ೨೩ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಮಾಲ್‌ವೇರ್ ಹೊಕ್ಕು, ದಾಖಲೆಗಳೆಲ್ಲ ಬೀಗ ಹಾಕಿದಂತಾಗಿ, ವಾರಗಟ್ಟಲೆ ಚೀಟಿ ಪೆನ್ನುಗಳಲ್ಲಿ ಕೆಲಸ ನಡೆಯಿತು. ಐದು ಸರ್ವರುಗಳಿಗೆ ಪೆಟ್ಟಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ರೋಗಿ ವೈದ್ಯನಿಗೆ ಹೇಳಿದ್ದಕ್ಕಿಂತ ಒಳಗಿನ ಮಾತು ಇನ್ನಾವುದಿದೆ?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ತೀರ್ಪಿತ್ತರು. ಆ ವ್ಯಾಜ್ಯವನ್ನು ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಷಯವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ೨೦೨೫ರ ನವೆಂಬರಿನಲ್ಲಿ ಅದರ ನಿಯಮಾವಳಿ ಪ್ರಕಟವಾಯಿತು. ಜನರ ವಿವರಗಳನ್ನು ಪಡೆದ ಸಂಸ್ಥೆ, ಪಡೆದ ಉದ್ದೇಶ ತೀರಿದ ಮೇಲೆ ಅವನ್ನು ಅಳಿಸಿಹಾಕಬೇಕೆಂದು ಕಾಯಿದೆಯ ೮ನೆಯ ಪ್ರಕರಣ ವಿಧಿಸುತ್ತದೆ. ಅಂಗಡಿಗೆ, ಬ್ಯಾಂಕಿಗೆ, ಫೋನು ಕಂಪನಿಗೆ ಈ ಕಟ್ಟಳೆ. ರಾಜ್ಯವು, ಎಂದರೆ ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳು ಪಡೆದ ವಿವರಗಳಿಗೆ ಆ ಅಳಿಸುವ ವಿಧಿ ಅನ್ವಯಿಸುವುದಿಲ್ಲ. ಹಾಗೆಂದು ಹೇಳುವ ವಾಕ್ಯ ೧೭ನೆಯ ಪ್ರಕರಣದ ೪ನೆಯ ಉಪಪ್ರಕರಣದಲ್ಲಿದೆ. ಹೆಚ್ಚು ಉದ್ದವಿಲ್ಲ, ಓದಲು ಎರಡು ನಿಮಿಷ ಸಾಕು.